ಗುಡ್ಡಗಾಡಿಗೆ ಒಯ್ಯುವ ದೂರವಾಣಿ: ಒಂದು ಪಾಠ



ಸ್ಮರಣ ಸಂಚಿಕೆಗೆ ಉಪಯುಕ್ತವಾದ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕವರ್ಗದವರು ಕೇಳಿದಾಗ, ವಿಷಯಕ್ಕಾಗಿ ನಾವು ಬಹಳ ಹುಡುಕಬೇಕಾಗಲಿಲ್ಲ. ಇರಕಲ್ಲಗಡದ ಗುಡ್ಡದ ಮೇಲೆ ನಾವೇ ವಿದ್ಯಾರ್ಥಿಗಳಾಗಿ ಕಲಿತು ಬಂದ ಪಾಠವೊಂದು ನಮ್ಮ ಬಳಿಯಲ್ಲಿತ್ತು. ಅದನ್ನೇ ತಮ್ಮ ಮುಂದೆ ಇಡುತ್ತೇವೆ.

ಹಿಂದಿನ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಅಲ್ಲಿಯ ಹಳೆಯ ಕೋಟೆಯನ್ನು ನೋಡಲು ಹೋಗಿದ್ದೆವು. ಇಳಿಯುವಾಗ ಒಬ್ಬ ಹುಡುಗಿಯ ಕಾಲು ಉಳುಕಿತು. ನಾವು ನಿಂತಿದ್ದ ಸ್ಥಳವು ಆನೆಗಾತ್ರದ ಬಂಡೆಗಳ ನಡುವಿನ ಒಂದು ಸಂದು. ನಮ್ಮ ಕೈಯಲ್ಲಿ ನಾಲ್ಕು ಸ್ಮಾರ್ಟ್‌ಫೋನುಗಳಿದ್ದವು. ಅವುಗಳಲ್ಲಿ ಎರಡು ಬೆಳಗಿನಿಂದ ಚಿತ್ರ ತೆಗೆದು ತೆಗೆದು ಆರಿಹೋಗಿದ್ದವು. ಉಳಿದೆರಡರಲ್ಲಿ ನೆಟ್‌ವರ್ಕ್ ಇರಲಿಲ್ಲ. ಕೆಳಗಿನ ಇಳಿಜಾರಿನಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನಮ್ಮ ಪೇಚಾಟವನ್ನು ಕಂಡು, "ಅಕ್ಕಾರ, ಕಲ್ಲಿನ ಮರಿಗೆ ನಿಂತ್ರ ಫೋನ್ ಹತ್ತಂಗಿಲ್ರಿ. ಆ ದಿನ್ನಿ ಮ್ಯಾಗ ಬರ್ರಿ. ಊರು ಕಂಡಲ್ಲಿ ಫೋನ್ ಹತ್ತತೈತ್ರಿ" ಎಂದರು. ಐವತ್ತು ಹೆಜ್ಜೆ ಏರಿದೆವು, ಊರು ಕಂಡಿತು, ಫೋನು ಹತ್ತಿತು. ಹುಡುಗಿಯು ಸಂಜೆಯೊಳಗೆ ಮನೆ ಸೇರಿದಳು.

ಈ ಸುದ್ದಿಯನ್ನು ಕೇಳಿದ ಹಳೆಯ ವಿದ್ಯಾರ್ಥಿನಿಯೊಬ್ಬರು ಅಮೆರಿಕದಿಂದ ನಮಗೆ ಬರೆದರು: "ಇಲ್ಲಿ ಕಾಡಿಗೆ ಹೋಗುವವರು ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಚಿಕ್ಕ ಯಂತ್ರವನ್ನು ಒಯ್ಯುತ್ತಾರೆ. ಮುಂದಿನ ಸಲ ಊರಿಗೆ ಬರುವಾಗ ಶಾಲೆಗೆ ಒಂದನ್ನು ತರಲೇ?" ಅವರ ಪ್ರೀತಿಗೆ ನಾವು ಋಣಿಗಳು. ಆದರೆ "ಬೇಡ, ತಾಯಿ" ಎಂದು ಉತ್ತರ ಬರೆಯಬೇಕಾಯಿತು. ಏಕೆ ಬೇಡವೆಂದೆವು, ಅದಕ್ಕೆ ಬದಲಾಗಿ ಏನು ಬೇಕು, ಎಂಬುದೇ ಈ ಪಾಠದ ವಿಷಯ.

1. ಊರು ಕಂಡಲ್ಲಿ ಫೋನು ಹತ್ತುವುದು ಏಕೆ?

ನಮ್ಮ ಕೈಯಲ್ಲಿರುವ ಫೋನು ಸಣ್ಣದೊಂದು ರೇಡಿಯೋ ಯಂತ್ರವಲ್ಲದೆ ಬೇರಲ್ಲ. ಅದು ಹೊರಡಿಸುವ ಅಲೆಗಳು ಕೆಲವು ಮೈಲುಗಳ ಒಳಗಿರುವ ಟವರನ್ನು ಮುಟ್ಟಬೇಕು. ಗಾಳಿಯಲ್ಲಿ ಸುಲಭವಾಗಿ ಸಾಗುವ ಈ ಅಲೆಗಳನ್ನು ಕಣಶಿಲೆಯ ದೊಡ್ಡ ಬಂಡೆಗಳು ತಡೆಯುತ್ತವೆ. ಕೊಪ್ಪಳ, ಗಂಗಾವತಿ ಭಾಗದ ಗುಡ್ಡಗಳು ಬಹುಮಟ್ಟಿಗೆ ಇಂತಹ ಬಂಡೆಗಳ ರಾಶಿಗಳೇ ಆಗಿವೆ. ಆದುದರಿಂದ ಗುಡ್ಡದ ಒಂದು ಮಗ್ಗುಲಿನಲ್ಲಿ ಚೆನ್ನಾಗಿ ಮಾತನಾಡಬಹುದಾದರೂ ಇನ್ನೊಂದು ಮಗ್ಗುಲಿನಲ್ಲಿ ಫೋನು ಮೂಕವಾಗುವುದು. ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಗೋರಿಗಳನ್ನು ನೋಡಲು ಬೆಟ್ಟವೇರಿ ಹೋಗುವವರೂ ಇದನ್ನು ನೆನಪಿನಲ್ಲಿಡತಕ್ಕದ್ದು.

ಇನ್ನೊಂದು ಸಂಗತಿ. ಟವರು ಸಿಕ್ಕದಾಗ ಫೋನು ಸುಮ್ಮನಿರುವುದಿಲ್ಲ. ಅದು ಮೇಲಿಂದ ಮೇಲೆ ಟವರನ್ನು ಹುಡುಕುತ್ತಿರುತ್ತದೆ. ಹುಡುಕಿ ಹುಡುಕಿ ತನ್ನ ಬ್ಯಾಟರಿಯನ್ನು ತಾನೇ ಬರಿದು ಮಾಡಿಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದ ದಾರಿಯಲ್ಲಿ ಫೋನನ್ನು ವಿಮಾನಸ್ಥಿತಿಯಲ್ಲಿ, ಅಂದರೆ ಏರೋಪ್ಲೇನ್ ಮೋಡಿನಲ್ಲಿ, ಇಡಬೇಕೆನ್ನುವುದು ಈ ಕಾರಣದಿಂದ.

2. ಕೇಳುವುದು ಬೇರೆ, ಹೇಳುವುದು ಬೇರೆ

ತಾಯ್ತಂದೆಗಳಲ್ಲಿ ಅನೇಕರು ನಮ್ಮೊಡನೆ, "ಮಗಳ ಫೋನಿನಲ್ಲಿ ಜಿಪಿಎಸ್ ಇದೆ, ಎಲ್ಲಿದ್ದರೂ ಉಪಗ್ರಹಕ್ಕೆ ಗೊತ್ತಾಗುತ್ತದೆ" ಎಂದು ಧೈರ್ಯವಾಗಿ ಹೇಳಿರುವುದುಂಟು. ಇದು ತಪ್ಪು ತಿಳಿವಳಿಕೆ. ಇದರಿಂದ ಪ್ರಾಣಕ್ಕೇ ಕುತ್ತು ಬರಬಹುದಾದುದರಿಂದ ಸ್ಪಷ್ಟವಾಗಿ ತಿಳಿಸುತ್ತೇವೆ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವು ಗುಡಿಯ ಗಂಟೆಯಂತೆ ಕಾಲವನ್ನು ಸಾರುತ್ತಿರುತ್ತವೆ. ನಮ್ಮ ಫೋನು ಅಂತಹ ಹಲವು ಗಂಟೆಗಳನ್ನು ಕೇಳಿ, ಲೆಕ್ಕ ಹಾಕಿ, ತಾನು ಎಲ್ಲಿರುವೆನೆಂಬುದನ್ನು ತಿಳಿಯುತ್ತದೆ. ಗಂಟೆಗೆ ಕೇಳುವವರ ಗುರುತು ಉಂಟೆ? ಹಾಗೆಯೇ ಆ ಉಪಗ್ರಹಗಳಿಗೆ ನಮ್ಮ ಮಗಳ ಸುಳಿವು ಸ್ವಲ್ಪವೂ ಇರುವುದಿಲ್ಲ. ನಮ್ಮ ಭಾರತದ ನಾವಿಕ್ ಉಪಗ್ರಹಗಳಿಂದ ಫೋನು ಸ್ಥಳವನ್ನು ತಿಳಿಯುವುದೂ ಇದೇ ರೀತಿಯಲ್ಲಿ. ತಿಳಿದ ಸ್ಥಳವನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕಾದರೆ ಮತ್ತೆ ಟವರೇ ಬೇಕು, ಇಲ್ಲವೆ ಉಪಗ್ರಹಕ್ಕೆ ಮಾತು ಕಳುಹಿಸಬಲ್ಲ ಬೇರೆ ಸಾಧನ ಬೇಕು.

ಇದರಲ್ಲಿ ಒಂದು ಲಾಭವೂ ಉಂಟು. ಕೇಳುವುದಕ್ಕೆ ಟವರು ಬೇಡವಾದುದರಿಂದ, ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡು ಹೋದರೆ, ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿಯೂ ಫೋನು ದಾರಿ ತೋರಿಸುವುದು.

3. ಉಪಗ್ರಹಕ್ಕೆ ಹೇಳುವ ಸಾಧನಗಳು

ಇವು ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ಉಪಗ್ರಹ ಫೋನು. ಇದರಿಂದ ಬಾಯಿಮಾತಿನಲ್ಲಿಯೇ ಮಾತನಾಡಬಹುದು. ಇರಿಡಿಯಂ ಎಂಬ ವ್ಯವಸ್ಥೆಯಲ್ಲಿ 66 ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುತ್ತವೆ. ಇನ್‌ಮಾರ್‌ಸ್ಯಾಟ್ ಎಂಬುದರ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನೋಡುವವರಿಗೆ ನಿಂತಲ್ಲೇ ನಿಂತಂತೆ ಇರುತ್ತವೆ. ನಮ್ಮ ನಾಡಿನಿಂದ ಅವನ್ನು ಮುಟ್ಟಲು ದಕ್ಷಿಣದ ಕಡೆಯ ಆಕಾಶವು ತೆರೆದಿರಬೇಕು. ಕುರಿ ಕಾಯುವ ಹಿರಿಯರ ಸೂತ್ರವನ್ನು ಇಲ್ಲಿಗೆ ಹೊಂದಿಸಿ ಹೇಳುವುದಾದರೆ, ಆಕಾಶ ಕಂಡಲ್ಲಿ ಉಪಗ್ರಹ ಫೋನು ಹತ್ತುತ್ತದೆ; ಗವಿಯಲ್ಲಿಯೂ ಬಂಡೆಯ ಸಂದಿಯಲ್ಲಿಯೂ ಹತ್ತುವುದಿಲ್ಲ.

ಎರಡನೆಯದು ಸಂದೇಶಯಂತ್ರ. ಗಾರ್ಮಿನ್ ಸಂಸ್ಥೆಯ ಇನ್‌ರೀಚ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಇದು ಇರಿಡಿಯಂ ಉಪಗ್ರಹಗಳ ಮೂಲಕ ಚಿಕ್ಕ ಬರಹಗಳನ್ನೂ ಸ್ಥಳದ ಗುರುತನ್ನೂ ಕಳುಹಿಸುತ್ತದೆ, ಉತ್ತರವನ್ನೂ ತರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯು ಬರೆದುದು ಇಂತಹ ಯಂತ್ರವನ್ನು ಕುರಿತೇ.

ಮೂರನೆಯದು ಆಪತ್ಸೂಚಕ. ಇದರಲ್ಲಿ ಮಾತೂ ಇಲ್ಲ, ಬರಹವೂ ಇಲ್ಲ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್ ಅಲೆಯಲ್ಲಿ "ಇಲ್ಲಿ ಅಪಾಯವುಂಟು" ಎಂಬ ಒಂದೇ ಕೂಗನ್ನು ಹೊರಡಿಸುತ್ತದೆ. ಕಾಸ್ಪಾಸ್–ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯು ಅದನ್ನು ಆಲಿಸುತ್ತದೆ. ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ದೇಶಗಳು ಕೂಡಿ ಕಟ್ಟಿದ ಈ ವ್ಯವಸ್ಥೆಯ ಮೊದಲ ಉಪಗ್ರಹವು 1982ರಲ್ಲಿ ಮೇಲೇರಿತು. ಅದೇ ವರ್ಷ ಕೆನಡಾದಲ್ಲಿ ವಿಮಾನವು ಬಿದ್ದು ಅಪಾಯದಲ್ಲಿದ್ದವರ ಪ್ರಾಣವನ್ನು ಉಳಿಸಿತು. ಭಾರತದ ಪಾಲಿನ ನಿಯಂತ್ರಣ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ, ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿ ಇದೆ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಇಂತಹ ಸೂಚಕವು ಯಾರದೆಂಬುದು ದಾಖಲೆಯಲ್ಲಿ ನೋಂದಣಿಯಾಗಿದ್ದರೆ ಮಾತ್ರ ಅದರ ಪೂರ್ಣ ಪ್ರಯೋಜನ ದೊರೆಯುವುದು.

ನಾಲ್ಕನೆಯದು ಉಪಗ್ರಹವನ್ನು ಮುಟ್ಟಬಲ್ಲ ಸ್ಮಾರ್ಟ್‌ಫೋನು. ಆಪಲ್ ಸಂಸ್ಥೆಯು 2022ರ ನವೆಂಬರಿನಲ್ಲಿ ಐಫೋನ್ 14ರ ಮೂಲಕ ಈ ಸೇವೆಯನ್ನು ಅಮೆರಿಕ, ಕೆನಡಾಗಳಲ್ಲಿ ಪ್ರಾರಂಭಿಸಿತು. ಗೂಗಲ್ ಸಂಸ್ಥೆಯು 2024ರಲ್ಲಿ ಪಿಕ್ಸೆಲ್ 9ರ ಮೂಲಕ ಹಿಂಬಾಲಿಸಿತು. ಇಲ್ಲಿ ಎಚ್ಚರಿಕೆ ಬೇಕು. ಯಂತ್ರವು ಒಂದೇ ಆಗಿದ್ದರೂ ಸೇವೆಯು ದೇಶ ದೇಶಕ್ಕೆ ಬೇರೆಯಾಗಿರುತ್ತದೆ. "ಅಮೆರಿಕದ ಅಣ್ಣ ಕೊಟ್ಟ ಫೋನು, ಗುಡ್ಡದಲ್ಲಿ ಉಪಗ್ರಹಕ್ಕೆ ಹತ್ತುತ್ತದೆ" ಎಂದು ನಂಬಿ ಹೊರಡುವುದು ಬರಿಯ ಕೊಡವನ್ನು ಹೊತ್ತು ಬಯಲಿಗೆ ಹೋದಂತೆ.

4. ಕಾಯಿದೆಯ ಮಾತು

ಇಷ್ಟು ಉಪಕಾರಿಯಾದ ಯಂತ್ರವನ್ನು ನಾವು ಏಕೆ ಬೇಡವೆಂದೆವು? ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನನ್ನು ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. 1885ರ ತಂತಿ ಕಾಯಿದೆಯೂ 1933ರ ನಿಸ್ತಂತು ಕಾಯಿದೆಯೂ ಈ ನಿರ್ಬಂಧಕ್ಕೆ ಮೂಲ. 2023ರಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯಿದೆಯನ್ನು ಮಾಡಿದಾಗಲೂ ಅನುಮತಿ ಬೇಕೆಂಬ ತತ್ವವನ್ನು ಬಿಡಲಿಲ್ಲ. 2008ರ ಮುಂಬಯಿ ದಾಳಿಯಲ್ಲಿ ದುಷ್ಟರು ಉಪಗ್ರಹ ಫೋನನ್ನು ಬಳಸಿದ್ದರು. ಸರ್ಕಾರದ ಬಿಗಿಗೆ ಕಾರಣವನ್ನು ಇದರಿಂದಲೇ ಊಹಿಸಬಹುದು. ಸಂದೇಶಯಂತ್ರಕ್ಕೂ ಇದೇ ಬಿಗಿ ತಟ್ಟುತ್ತದೆ. 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಇನ್‌ರೀಚ್ ಇಟ್ಟುಕೊಂಡಿದ್ದ ವಿದೇಶೀ ಪ್ರವಾಸಿಯೊಬ್ಬರನ್ನು ತಡೆದು, ಪೊಲೀಸರಿಗೆ ಒಪ್ಪಿಸಲಾಯಿತು. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಕಾಯಿದೆಯು ತಿಳಿದಿರಲಿಲ್ಲ, ಅಷ್ಟೆ.

ವಿದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆ ಏನೆಂದರೆ, ತಂಗಿಗೋ ಸೊಸೆಗೋ ಪ್ರೀತಿಯಿಂದ ತರುವ ಉಡುಗೊರೆಯು ಅವರನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸಬಾರದು. ನ್ಯಾಯವಾದ ದಾರಿಯೂ ಉಂಟು: ದೂರಸಂಪರ್ಕ ಇಲಾಖೆಯ ಅನುಮತಿಯನ್ನು ಪಡೆಯುವುದು, ಇಲ್ಲವೆ ಬಿಎಸ್‌ಎನ್‌ಎಲ್ ಸಂಸ್ಥೆಯು 2017ರಿಂದ ಇನ್‌ಮಾರ್‌ಸ್ಯಾಟ್ ಮೂಲಕ ಒದಗಿಸುವ ಉಪಗ್ರಹ ಫೋನನ್ನು ಕ್ರಮವಾಗಿ ಪಡೆಯುವುದು. ಒಂದು ದಿನದ ಪ್ರವಾಸಕ್ಕೆ ಹೋಗುವ ಶಾಲೆಗೆ ಇದು ಹೆಚ್ಚಾಯಿತು. ಹಿಮಾಲಯಕ್ಕೆ ತಂಡಗಳನ್ನು ಕರೆದೊಯ್ಯುವವರಿಗೆ ಹೆಚ್ಚಲ್ಲ.

5. ಸಹಸ್ರತಾಲದ ದುಃಖ

ಹಿಮಾಲಯದ ಮಾತೆತ್ತಿದ ಮೇಲೆ ಒಂದು ದುಃಖವನ್ನು ನೆನೆಯದೆ ಮುಂದೆ ಹೋಗಲಾರೆವು. 2024ರ ಜೂನ್ ತಿಂಗಳ ಮೊದಲ ವಾರದಲ್ಲಿ, ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋಗಿದ್ದ 22 ಜನರ ತಂಡವು ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಅವರಿದ್ದ ಎತ್ತರದ ದಾರಿಯಲ್ಲಿ ಫೋನು ಹತ್ತುತ್ತಿರಲಿಲ್ಲ. ಮಾರ್ಗದರ್ಶಿಯು ನೆಟ್‌ವರ್ಕ್ ಸಿಕ್ಕುವ ಸ್ಥಳದವರೆಗೆ ನಡೆದು ಬಂದ ಮೇಲೆಯೇ ಸುದ್ದಿ ಹೊರಗೆ ತಿಳಿಯಿತು. ರಕ್ಷಣೆಗೆ ಹೆಲಿಕಾಪ್ಟರುಗಳು ಹೋದವು. 13 ಜನ ಉಳಿದು ಬಂದರು; 9 ಜನ ಮರಳಲಿಲ್ಲ.

ಒಂದು ಯಂತ್ರವಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ಹೇಳುವ ಧೈರ್ಯ ನಮಗಿಲ್ಲ. ಹಿಮಗಾಳಿಯಲ್ಲಿ ಹೆಲಿಕಾಪ್ಟರೂ ಹಾರಲಾರದು. ಆದರೆ ಸುದ್ದಿ ಮುಟ್ಟುವ ಹೊತ್ತೆಷ್ಟು ಎಂಬುದು ಅಂತಹ ಸ್ಥಳದಲ್ಲಿ ಎಷ್ಟು ದೊಡ್ಡ ಪ್ರಶ್ನೆಯೆಂದು ನಾವು ಅರಿತೆವು. ಆದುದರಿಂದ ಮಗಳು ಚಾರಣಕ್ಕೆ ಹೊರಟಾಗ, ಊಟವೇನು, ಹಾಸಿಗೆಯೇನು ಎಂದು ಕೇಳುವ ತಾಯ್ತಂದೆಗಳು ತಂಡವನ್ನು ನಡೆಸುವವರನ್ನು ಇನ್ನೂ ಮೂರು ಪ್ರಶ್ನೆ ಕೇಳಬೇಕು: ದಾರಿಯಲ್ಲಿ ಫೋನು ಹತ್ತದ ದಿನಗಳೆಷ್ಟು? ಆ ದಿನಗಳಲ್ಲಿ ಅನುಮತಿ ಪಡೆದ ಉಪಗ್ರಹ ಫೋನು ಅಥವಾ ನಿಸ್ತಂತು ಯಂತ್ರ ಯಾರ ಕೈಯಲ್ಲಿರುತ್ತದೆ? ಕೂಗು ಬಂದರೆ ಅದನ್ನು ಕೇಳಲು ಕೆಳಗೆ ಯಾರು ಕುಳಿತಿರುತ್ತಾರೆ?

6. ಸ್ಮಾರ್ಟ್‌ಫೋನನ್ನು ಆರಿಸುವ ಬಗೆ

ನಮ್ಮ ಸೀಮೆಯ ಗುಡ್ಡಗಳಿಗೆ ಒಳ್ಳೆಯ ಸ್ಮಾರ್ಟ್‌ಫೋನೊಂದು ಸಾಕು. ಬೆಲೆಗಿಂತ ಈ ಗುಣಗಳನ್ನು ನೋಡಿರಿ.

ಬ್ಯಾಟರಿಯು 5,000 ಎಂಎಎಚ್‌ಗೆ ಕಡಿಮೆಯಿಲ್ಲದಿದ್ದರೆ ಒಳ್ಳೆಯದು. ಜೊತೆಗೆ 10,000 ಎಂಎಎಚ್‌ನ ಪವರ್ ಬ್ಯಾಂಕ್ ಇರಲಿ. ತುಂಬುವಾಗ ಸ್ವಲ್ಪ ಶಕ್ತಿ ಸೋರಿ ಹೋಗುವುದರಿಂದ, ಅದು ಫೋನನ್ನು ಎರಡು ಸಲ ಪೂರ್ತಿ ತುಂಬಲಾರದು. ಒಂದು ಸಲ ತುಂಬಿ ಇನ್ನು ಸ್ವಲ್ಪ ಉಳಿಯುವುದೆಂದು ಲೆಕ್ಕವಿಡಿರಿ.

ಪೆಟ್ಟಿಗೆಯ ಮೇಲೆ ಐಪಿ 67 ಅಥವಾ ಐಪಿ 68 ಎಂದು ಬರೆದಿರುವುದುಂಟು. ಮೊದಲಿನ 6 ಎಂದರೆ ಧೂಳು ಒಳಹೋಗದು. ಎರಡನೆಯ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವುದು. 8 ಎಂದರೆ ಅದಕ್ಕೂ ಮಿಕ್ಕಿದುದು. ನಮ್ಮ ಕೆಂಧೂಳಿನ ನಾಡಿನಲ್ಲಿ ಮೊದಲನೆಯ ಅಂಕಿಯೇ ಹೆಚ್ಚು ಬೆಲೆಯುಳ್ಳದ್ದು.

ಬಿಸಿಲನ್ನೂ ಎಣಿಸಬೇಕು. ಆಪಲ್ ಸಂಸ್ಥೆಯು ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಬೇಕೆನ್ನುತ್ತದೆ. ನಮ್ಮಲ್ಲಿ ಬೇಸಗೆಯ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಹೊಸದಲ್ಲ. ಕಾದ ಬಂಡೆಯ ಮೇಲೆ ಫೋನನ್ನಿಡದೆ, ಚೀಲದ ನಡುವೆ ಬಟ್ಟೆಯಲ್ಲಿ ಸುತ್ತಿಡಿರಿ. ಹಿಮಾಲಯದಲ್ಲಿ ಇದಕ್ಕೆ ವಿರುದ್ಧವಾಗಿ ಚಳಿಗೆ ಬ್ಯಾಟರಿ ಕುಗ್ಗುವುದು. ಅಲ್ಲಿ ಮೈಗೆ ಹತ್ತಿರದ ಜೇಬಿನಲ್ಲಿಡಬೇಕು.

ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿರಿ. ಯಾವ ಕಂಪನಿಯ ಟವರು ಅಲ್ಲಿ ಹತ್ತುತ್ತದೆಂಬುದನ್ನು ಜಾಹೀರಾತಿನಿಂದ ತಿಳಿಯುವುದಕ್ಕಿಂತ ಊರವರನ್ನೇ ಕೇಳಿ ತಿಳಿಯುವುದು ಮೇಲು.

7. ಅಪಾಯವು ಬಂದಾಗ

ತೆರೆದ ಎತ್ತರಕ್ಕೆ ಏರಲು ಸಾಧ್ಯವಾದರೆ ಏರಿರಿ. 112ಕ್ಕೆ ಕರೆಮಾಡಿರಿ; ನಿಮ್ಮ ಕಂಪನಿಯ ಟವರಿಲ್ಲದಿದ್ದರೂ ಬೇರೊಂದರ ಮೂಲಕ ಆ ಕರೆ ಹೋಗುವ ಸಂಭವವುಂಟು. ಮಾತು ಹೋಗದಿದ್ದರೆ ಮನೆಯವರಿಗೆ ಎಸ್‌ಎಮ್‌ಎಸ್ ಬರೆಯಿರಿ. ಕ್ಷೀಣವಾದ ನೆಟ್‌ವರ್ಕಿನಲ್ಲಿಯೂ ಅದು ನುಸುಳಬಲ್ಲದು. ಅದರಲ್ಲಿ ಎಲ್ಲಿ, ಯಾರಿಗೆ, ಏನಾಯಿತು, ಎಷ್ಟು ಜನ ಎಂಬ ನಾಲ್ಕನ್ನು ಬರೆದು, ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ಸೇರಿಸಿರಿ. ಪ್ರತಿ ಹುಡುಗಿಯ ಕೊರಳಲ್ಲಿ ಒಂದು ಸೀಟಿ ಇರಲಿ. ಮೂರು ಸಲ ಊದಿದರೆ ಆಪತ್ತೆಂದು ಎಲ್ಲರಿಗೂ ಮೊದಲೇ ತಿಳಿದಿರಲಿ. ಸೀಟಿಗೆ ಟವರೂ ಬೇಡ, ಬ್ಯಾಟರಿಯೂ ಬೇಡ.

ಕೊನೆಯದಾಗಿ, ಎಲ್ಲ ಯಂತ್ರಗಳಿಗಿಂತ ಹಳೆಯದಾದ ಒಂದು ಸಾಧನವುಂಟು. ನಮ್ಮ ನಾಡಿನಲ್ಲಿ ಮನೆಯಿಂದ ಹೊರಡುವವರು "ಹೋಗುತ್ತೇವೆ" ಎನ್ನುವುದಿಲ್ಲ, "ಹೋಗಿ ಬರುತ್ತೇವೆ" ಎನ್ನುತ್ತಾರೆ. ಆ ಮಾತಿಗೆ ಇನ್ನೆರಡನ್ನು ಸೇರಿಸಿ: ಯಾವ ದಾರಿಯಿಂದ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಟ್ಟು ಹೋಗಿರಿ. ಹೇಳಿದ ಹೊತ್ತು ಮೀರಿದರೆ, ಮಗಳ ಫೋನು ಮೂಕವಾಗಿದ್ದರೂ ಆ ಚೀಟಿಯು ಮಾತನಾಡುವುದು. ಹುಡುಕಲು ಹೊರಟವರಿಗೆ ದಾರಿ ತೋರಿಸುವುದು. ಈಗ ನಮ್ಮ ಶಾಲೆಯಿಂದ ಯಾವ ತಂಡವು ಹೊರಟರೂ ಅಂತಹ ಚೀಟಿಯೊಂದು ಕಚೇರಿಯ ಮೇಜಿನ ಮೇಲಿರುತ್ತದೆ.

ಮನೆಯಲ್ಲಿ ಕೂಡಿ ಉತ್ತರಿಸತಕ್ಕ ಪ್ರಶ್ನೆಗಳು

1. ಜಿಪಿಎಸ್ ಉಪಗ್ರಹಕ್ಕೆ ನಾವಿರುವ ಸ್ಥಳವು ತಿಳಿಯುವುದೇ? ಕಾರಣ ಹೇಳಿರಿ.
2. ವಿದೇಶದಿಂದ ಸಂದೇಶಯಂತ್ರವನ್ನು ತರುವ ಮೊದಲು ಯಾರ ಅನುಮತಿ ಬೇಕು?
3. ನಿಮ್ಮ ಊರಿನ ಗುಡ್ಡದಲ್ಲಿ ಫೋನು ಹತ್ತುವ ಸ್ಥಳಗಳಾವುವು? ನಕ್ಷೆಯಲ್ಲಿ ಗುರುತಿಸಿರಿ.
4. ನಿಮ್ಮ ಮಗಳು ಇಂದು ಯಾವ ದಾರಿಯಿಂದ ಹೋಗಿದ್ದಾಳೆ? ಎಷ್ಟು ಹೊತ್ತಿಗೆ ಬರುವೆನೆಂದು ಹೇಳಿದ್ದಾಳೆ?