ತಳಿವಿಜ್ಞಾನಿಯ ತರಬೇತಿ

ಎಂ.ಎಸ್‌ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಇನ್ನೂ ಕೆಲವು ವರ್ಷ ಓದಿದರೆ ಡಾಕ್ಟರೇಟ್ ಪದವಿ ದೊರೆಯುವುದೆಂದು ಅನೇಕ ವಿದ್ಯಾರ್ಥಿಗಳು ಭಾವಿಸಿರುವುದುಂಟು. ಇದು ಪೂರ್ಣ ಸತ್ಯವಲ್ಲ. ಅಲ್ಲಿಯವರೆಗೆ ನಾವು ಅನ್ಯರು ಕಂಡುಕೊಂಡ ಉತ್ತರಗಳನ್ನು ಕಲಿಯುತ್ತೇವೆ. ಅನಂತರ, ಇನ್ನೂ ಉತ್ತರ ದೊರೆಯದ ಪ್ರಶ್ನೆಯನ್ನು ಎದುರಿಸಲು ಕಲಿಯಬೇಕಾಗುತ್ತದೆ. ತಳಿವಿಜ್ಞಾನದಲ್ಲಿ ಈ ಶಿಕ್ಷಣ ಹೇಗೆ ನಡೆಯುತ್ತದೆಂಬುದನ್ನು ಪರಿಶೀಲಿಸೋಣ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಥಾಮಸ್ ಹಂಟ್ ಮಾರ್ಗನ್ ಅವರ ಪ್ರಯೋಗಶಾಲೆ 23 ಅಡಿ ಉದ್ದ, 16 ಅಡಿ ಅಗಲದ ಒಂದು ಕೊಠಡಿಯಾಗಿತ್ತು. ಅದರಲ್ಲಿ ಎಂಟು ಮೇಜುಗಳು. ಹಾಲಿನ ಸೀಸೆಗಳ ತುಂಬ ಹಣ್ಣುನೊಣಗಳು. ಈ ನೊಣದ ಮೊಟ್ಟೆ ಹತ್ತು ಹನ್ನೆರಡು ದಿನಗಳಲ್ಲೇ ಪೂರ್ಣ ನೊಣವಾಗುವುದರಿಂದ ಹಲವು ತಲೆಮಾರುಗಳ ಗುಣಗಳನ್ನು ಬೇಗನೆ ಪರೀಕ್ಷಿಸಬಹುದು. 1911ರಲ್ಲಿ ಆಲ್‌ಫ್ರೆಡ್ ಸ್ಟರ್ಟೆವಂಟ್ ಎಂಬ ವಿದ್ಯಾರ್ಥಿ, ಮೊದಲ ಪದವಿಯನ್ನೂ ಇನ್ನೂ ಪಡೆಯದಿದ್ದವರು, ಪ್ರಯೋಗಗಳ ಅಂಕಿಗಳನ್ನು ಮನೆಗೆ ಒಯ್ದರು. ಎರಡು ಜೀನುಗಳು ಒಂದರಿಂದೊಂದು ಹೆಚ್ಚು ಸಲ ಬೇರ್ಪಟ್ಟರೆ ವರ್ಣತಂತುವಿನ ಮೇಲೆ ಅವುಗಳ ನಡುವಣ ದೂರವೂ ಹೆಚ್ಚಿರಬೇಕು ಎಂದು ತರ್ಕಿಸಿ, ರಾತ್ರಿಯ ಬಹುಭಾಗ ಲೆಕ್ಕ ಹಾಕಿ, ಜೀನುಗಳ ಪ್ರಪ್ರಥಮ ನಕ್ಷೆಯನ್ನು ರಚಿಸಿದರು. ಸೀಸೆ ತೊಳೆಯುವ ಕೆಲಸಕ್ಕೆ ಬಂದಿದ್ದ ಕ್ಯಾಲ್ವಿನ್ ಬ್ರಿಜಸ್ 1916ರಲ್ಲಿ ಪ್ರಕಟಿಸಿದ ಮಹಾಪ್ರಬಂಧವು ಜೀನುಗಳು ವರ್ಣತಂತುಗಳಲ್ಲಿಯೇ ಇವೆ ಎಂಬುದಕ್ಕೆ ಬಲವಾದ ಪ್ರಮಾಣವಾಯಿತು.

ಗುರುಶಿಷ್ಯರು ಒಂದೇ ಕೊಠಡಿಯಲ್ಲಿ ಸದಾ ಚರ್ಚಿಸುತ್ತಿದ್ದುದರ ಫಲವಿದು. ಆದರೆ ಎಲ್ಲವೂ ಗುರುವೊಬ್ಬರನ್ನೇ ಆಶ್ರಯಿಸಿದಾಗ ತೊಡಕುಗಳೂ ಉಂಟು. ಅದೇ ಬಳಗದ ಹರ್ಮನ್ ಮುಲ್ಲರ್, 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು, ತಮ್ಮ ಆಲೋಚನೆಗಳಿಗೆ ಅಲ್ಲಿ ತಕ್ಕ ಮನ್ನಣೆ ಸಿಗಲಿಲ್ಲವೆಂದು ಕೊರಗಿದರು.

ಇದನ್ನು ನೆನಪಿಟ್ಟುಕೊಂಡು ನೋಡಿದರೆ ಅಮೆರಿಕದ ವಿಶ್ವವಿದ್ಯಾನಿಲಯಗಳ ಇಂದಿನ ಕ್ರಮದ ಅರ್ಥ ಸ್ಪಷ್ಟವಾಗುತ್ತದೆ. ಮೊದಲ ವರ್ಷ ಅಭ್ಯರ್ಥಿಗಳು ತರಗತಿಗಳಿಗೆ ಹೋಗುವುದರ ಜೊತೆಗೆ, ಸಾಮಾನ್ಯವಾಗಿ ಎರಡು ಮೂರು ಪ್ರಯೋಗಶಾಲೆಗಳಲ್ಲಿ ಸರದಿಯಂತೆ ಕೆಲವು ವಾರ ದುಡಿಯುತ್ತಾರೆ. ಗುರುವನ್ನು ಆರಿಸಿಕೊಳ್ಳುವುದು ಆಮೇಲೆ. ಬಳಿಕ ಅರ್ಹತಾ ಪರೀಕ್ಷೆ: ಅಭ್ಯರ್ಥಿ ತನ್ನ ಸಂಶೋಧನೆಯ ಯೋಜನೆಯನ್ನು ಮಂಡಿಸಿ, ಪ್ರಾಧ್ಯಾಪಕರ ಪ್ರಶ್ನೆಗಳಿಗೆ ಉತ್ತರಿಸಬೇಕು. ಮುಂದೆ ಹಲವು ಪ್ರಾಧ್ಯಾಪಕರ ಸಮಿತಿಯೊಂದು ಕಾಲಕಾಲಕ್ಕೆ ಪ್ರಗತಿಯನ್ನು ವಿಚಾರಿಸುತ್ತದೆ. ಮಾರ್ಗದರ್ಶಕರಿಗೂ ಅಭ್ಯರ್ಥಿಗೂ ಭಿನ್ನಾಭಿಪ್ರಾಯ ಬಂದಾಗ ಅಹವಾಲು ಹೇಳಿಕೊಳ್ಳಲು ಈ ಸಮಿತಿಯೇ ಆಸರೆ. ಕೊನೆಯಲ್ಲಿ ಮಹಾಪ್ರಬಂಧ ಮತ್ತು ಅದರ ಮೌಖಿಕ ಸಮರ್ಥನೆ. ಇಷ್ಟೆಲ್ಲ ಮುಗಿಯುವಾಗ ಐದಾರು ವರ್ಷಗಳು ಕಳೆದಿರುತ್ತವೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸಂಶೋಧನ ವಿದ್ಯಾರ್ಥಿಗಳಿಗೆ ಮೊದಲು ಪಾಠಗಳು, ಅನಂತರ ಸಮಗ್ರ ಪರೀಕ್ಷೆ, ಕೊನೆಗೆ ಮಹಾಪ್ರಬಂಧ ಎಂಬ ಅನುಕ್ರಮವುಂಟು.

ಈ ವರ್ಷಗಳಲ್ಲಿ ಎಷ್ಟೋ ಪ್ರಯೋಗಗಳು ವಿಫಲವಾಗುತ್ತವೆ. ಒಂದು ತಳಿ ಬೆಳೆಯದೆ ಹೋಗಬಹುದು. ವರ್ಷವಿಡೀ ನೆಚ್ಚಿದ ಊಹೆ ಸುಳ್ಳಾಗಬಹುದು. ಆಗ ತಪ್ಪು ಪ್ರಯೋಗದ್ದೋ, ಊಹೆಯದೋ ಎಂದು ವಿವೇಚಿಸುವ ಶಕ್ತಿಯೇ ಈ ತರಬೇತಿಯ ಸಾರ. ಅದು ಬೆಳೆಯಬೇಕಾದರೆ, ಶಿಷ್ಯರು ತಮ್ಮ ಸಂದೇಹವನ್ನು ಗುರುವಿನ ಮುಂದೆ ನಿರ್ಭಯವಾಗಿ ಹೇಳುವಂತಿರಬೇಕು.

ಆದುದರಿಂದ ಸಂಶೋಧನೆಗೆ ಹೊರಡುವ ನಮ್ಮ ವಿದ್ಯಾರ್ಥಿಗಳು ಸಂಸ್ಥೆಯ ಕೀರ್ತಿಯೊಂದನ್ನೇ ನೋಡಬಾರದು. ಅಲ್ಲಿ ಈಗಾಗಲೇ ದುಡಿಯುತ್ತಿರುವ ಅಭ್ಯರ್ಥಿಗಳನ್ನು ಕಂಡು, ಮಾರ್ಗದರ್ಶಕರು ಎಷ್ಟು ಸಮಯ ಕೊಡುತ್ತಾರೆ, ಶಿಷ್ಯರ ಕೆಲಸ ಅವರ ಹೆಸರಿನಲ್ಲಿ ಪ್ರಕಟವಾಗುತ್ತದೆಯೆ, ಎಷ್ಟು ವರ್ಷಗಳಲ್ಲಿ ಪದವಿ ಪಡೆದಿದ್ದಾರೆ ಎಂದು ಕೇಳಿ ತಿಳಿಯಬೇಕು. ಇಂಥ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ.