ಸ್ವಯಂಚಾಲಿತ ಗೇರಿನ ಎಣ್ಣೆ

ಎಣ್ಣೆಯೆಂದರೆ ಯಂತ್ರದ ಸವೆತವನ್ನು ತಡೆಯುವ ಜಿಡ್ಡು ಎಂದೇ ನಮ್ಮಲ್ಲಿ ಬಹುಮಂದಿಯ ತಿಳುವಳಿಕೆ. ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕುವ ರೂಢಿಯಿಂದ ಬಂದ ಈ ತಿಳುವಳಿಕೆ ತಪ್ಪಲ್ಲ. ಆದರೆ ಸ್ವಯಂಚಾಲಿತ ಗೇರಿನ ಮೋಟಾರುಗಳ ವಿಷಯದಲ್ಲಿ ಅದು ಸಾಲದು. ಅಲ್ಲಿ ಎಣ್ಣೆಯೇ ಯಂತ್ರದ ಒಂದು ಅಂಗ. ಅದನ್ನು ಬದಲಿಸುವ ಕ್ರಮವನ್ನೂ ಆ ಕ್ರಮದ ಹಿಂದಿನ ಕಾರಣವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಕೇಳಬಹುದು. ನನ್ನ ಸೋದರಮಾವ ಗದಗಿನ ಗ್ಯಾರೇಜೊಂದರಲ್ಲಿ ಮೇಸ್ತ್ರಿ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ 1960ರ ದಶಕದ ಷೆವ್ರೊಲೆ ಗಾಡಿಯೊಂದು ಬಂದಿತು. ಕ್ಲಚ್ಚಿನ ಪೆಡಲಿಲ್ಲದ ಅದರ ‘ಪವರ್‌ಗ್ಲೈಡ್’ ಗೇರುಪೆಟ್ಟಿಗೆಯ ಎಣ್ಣೆ ಬದಲಿಸಬೇಕಾಗಿತ್ತು. ಟ್ರ್ಯಾಕ್ಟರಿಗೆ ತಂದ ದಪ್ಪ ಗೇರೆಣ್ಣೆ ಮನೆಯಲ್ಲೇ ಇದೆ, ಅದನ್ನೇ ಸುರಿಯಿರಿ ಎಂದು ಒಡೆಯರ ಹಟ. “ಹಾಕಬಾರದು ಅನ್ನೂದು ನನಗ ಗೊತ್ತೈತಿ, ಯಾಕ ಅನ್ನೂದನ್ನ ಪುಸ್ತಕ ಓದಿ ಹೇಳಪಾ” ಎಂದರು ಮಾವ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇಂಗ್ಲಿಷ್ ಕೈಪಿಡಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತು.

ಇದನ್ನು ತಿಳಿಯಲು ನಮ್ಮ ತುಂಗಭದ್ರೆಯನ್ನೇ ನೆನೆಯೋಣ. ನನ್ನೂರಾದ ಹಮ್ಮಿಗಿಯಲ್ಲಿ ಹೊಳೆಗೆ ಬ್ಯಾರೇಜು ಕಟ್ಟಿ, ಸಿಂಗಟಾಲೂರು ಏತ ನೀರಾವರಿಗಾಗಿ ಪಂಪಿನಿಂದ ನೀರೆತ್ತುತ್ತಾರೆ. ಪಂಪಿನಲ್ಲಿ ಚಕ್ರವು ನೀರನ್ನು ನೂಕುತ್ತದೆ. ಅದೇ ಹೊಳೆಯ ಕೆಳಗೆ ಮುನಿರಾಬಾದಿನ ವಿದ್ಯುದಾಗಾರದಲ್ಲಿ ನೀರು ಚಕ್ರವನ್ನು ನೂಕುತ್ತದೆ. ಈ ಎರಡು ಚಕ್ರಗಳನ್ನು ಎದುರುಬದುರಾಗಿ ಒಂದೇ ದುಂಡು ಪೆಟ್ಟಿಗೆಯಲ್ಲಿರಿಸಿ, ನೀರಿನ ಬದಲು ಎಣ್ಣೆ ತುಂಬಿದರೆ ಅದೇ ‘ಟಾರ್ಕ್ ಕನ್ವರ್ಟರ್’. ಇಂಜಿನು ಒಂದು ಚಕ್ರವನ್ನು ತಿರುಗಿಸುತ್ತದೆ. ಅದು ನೂಕಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ನಡುವಿನ ಮೂರನೆಯ ಚಕ್ರ ಮರಳುವ ಎಣ್ಣೆಯ ದಿಕ್ಕನ್ನು ತಿದ್ದಿ, ಗಾಡಿ ಹೊರಡುವಾಗ ಬಲವನ್ನು ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದನು.

ಇಷ್ಟೇ ಅಲ್ಲ. ಅದೇ ಎಣ್ಣೆ ಕಿರಿದಾದ ದಾರಿಗಳಲ್ಲಿ ಒತ್ತಡದಿಂದ ಹರಿದು ಒಳಗಿನ ಕ್ಲಚ್ಚು ಮತ್ತು ಪಟ್ಟಿಗಳನ್ನು ಬಿಗಿಗೊಳಿಸುತ್ತದೆ, ಹಲ್ಲುಗಳನ್ನು ನಯವಾಗಿಡುತ್ತದೆ, ಕಾವನ್ನು ಹೊತ್ತೊಯ್ಯುತ್ತದೆ. ದಪ್ಪ ಗೇರೆಣ್ಣೆ ಆ ದಾರಿಗಳಲ್ಲಿ ಸಲೀಸಾಗಿ ಹರಿಯದು. ಕ್ಲಚ್ಚಿನ ಹಿಡಿತಕ್ಕೂ ಹೊಂದದು. ಇದನ್ನು ಕೇಳಿದ ಮೇಲೆ ಒಡೆಯರು ಹಟ ಬಿಟ್ಟರು.

ಜನರಲ್ ಮೋಟರ್ಸ್ ಸಂಸ್ಥೆ 1949ರಲ್ಲಿ ‘ಟೈಪ್ ಎ’ ಎಂಬ ಎಣ್ಣೆಯನ್ನು ಗೊತ್ತುಪಡಿಸಿತು, ಪವರ್‌ಗ್ಲೈಡ್ ಬಂದದ್ದು 1950ರಲ್ಲಿ, ‘ಡೆಕ್ಸ್ರಾನ್’ 1967ರಲ್ಲಿ. ಕ್ಲಚ್ಚು ಜರ್ಕಿಲ್ಲದೆ ಹಿಡಿಯಲೆಂದು ಆಗಿನ ಎಣ್ಣೆಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರಲ್ಲಿ ಅಮೆರಿಕವು ಆ ಪ್ರಾಣಿಯನ್ನು ಅಳಿಯುತ್ತಿರುವ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ಬೇರೆ ರಾಸಾಯನಿಕಗಳನ್ನು ಹುಡುಕಬೇಕಾಯಿತು. ಫೋರ್ಡಿನ ‘ಟೈಪ್ ಎಫ್’ ಎಣ್ಣೆಯ ಹಿಡಿತದ ಗುಣವೇ ಬೇರೆ. ಆದುದರಿಂದ ಕೈಪಿಡಿ ಸೂಚಿಸಿದ ಜಾತಿಗೆ ಹೊಂದುವುದೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಕೊಳ್ಳಬೇಕು.

ಇನ್ನು ಬದಲಿಸುವ ಕ್ರಮ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡೆ ಕೊಟ್ಟು, ಭದ್ರವಾದ ಸ್ಟ್ಯಾಂಡುಗಳ ಮೇಲೆ ಎತ್ತಬೇಕು. ಬರಿಯ ಜಾಕನ್ನು ನಂಬಿ ಕೆಳಗೆ ನುಸುಳಬಾರದು. ತಳದ ತಟ್ಟೆಯ ಬೋಲ್ಟುಗಳನ್ನು ಒಂದು ಬದಿಯಿಂದ ಬಿಚ್ಚುತ್ತ ಬಂದರೆ ತಟ್ಟೆ ಓರೆಯಾಗಿ ಎಣ್ಣೆ ಪಾತ್ರೆಗೆ ಇಳಿಯುತ್ತದೆ. ಸುಡುವ ಎಣ್ಣೆಯ ಬಗ್ಗೆ ಎಚ್ಚರವಿರಲಿ.

ಹೊರಬಂದ ಎಣ್ಣೆಯನ್ನು ಪರೀಕ್ಷಿಸಬೇಕು. ಸೋರಿಕೆ ಗುರುತಿಸಲೆಂದು ಬಣ್ಣ ಬೆರೆಸಿದ ಹೊಸ ಎಣ್ಣೆ ಕೆಂಪಗಿರುತ್ತದೆ. ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚು ಬೆಂದಿದೆ. ಕೈಪಿಡಿಯಲ್ಲಿ ‘ಸುಟ್ಟ ವಾಸನೆ’ ಎಂಬ ಎರಡೇ ಶಬ್ದಗಳಿದ್ದವು. ಅದು ಎಂಥದೆಂಬುದು ಮಾವ ಹಳೆಯ ಡಬ್ಬಿಯೊಂದನ್ನು ಮೂಗಿಗೆ ಹಿಡಿದಾಗಲೇ ನನಗೆ ತಿಳಿಯಿತು. ತಟ್ಟೆಯಲ್ಲಿ ಸಣ್ಣ ಬೂದು ಕೆಸರಿದ್ದರೆ ಅಂಜಬೇಕಿಲ್ಲ. ಲೋಹದ ಚೂರುಗಳಿದ್ದರೆ ಪೆಟ್ಟಿಗೆಯನ್ನೇ ಬಿಚ್ಚಿ ನೋಡಬೇಕು.

ತಟ್ಟೆಯನ್ನೂ ಸೋಸುಜಾಲರಿಯನ್ನೂ ಸ್ವಚ್ಛಗೊಳಿಸಿ, ಹೊಸ ಗ್ಯಾಸ್ಕೆಟ್ಟಿಟ್ಟು, ಬೋಲ್ಟುಗಳನ್ನು ಎಲ್ಲ ಕಡೆ ಸಮನಾಗಿ ಬಿಗಿಯಬೇಕು. ಹೊರಬಂದ ಎಣ್ಣೆಯನ್ನು ಅಳೆದು, ಅದಕ್ಕಿಂತ ತುಸು ಕಡಿಮೆ ಸುರಿಯಬೇಕು. ಬ್ರೇಕು ಹಿಡಿದು, ಇಂಜಿನನ್ನು ನಡೆಸಿ, ಗೇರುಕೋಲನ್ನು ಎಲ್ಲ ಸ್ಥಾನಗಳಿಗೂ ಒಯ್ದು, ಕೈಪಿಡಿ ಹೇಳಿದ ಸ್ಥಾನದಲ್ಲಿ ನಿಲ್ಲಿಸಿ, ಇಂಜಿನು ನಡೆಯುತ್ತಿರುವಾಗಲೇ ಅಳತೆಕಡ್ಡಿಯನ್ನು ನೋಡಿ, ಕಡಿಮೆಯಿದ್ದಷ್ಟನ್ನೇ ತುಂಬಬೇಕು. ಎಣ್ಣೆ ಹೆಚ್ಚಾದರೂ ಕೇಡೇ. ತಿರುಗುವ ಭಾಗಗಳು ಅದನ್ನು ಕಡೆದು ನೊರೆಯೆಬ್ಬಿಸುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲದು. ಕನ್ವರ್ಟರಿನಲ್ಲಿ ಹಳೆಯ ಎಣ್ಣೆಯ ದೊಡ್ಡ ಪಾಲು ಉಳಿದಿರುವುದರಿಂದ, ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸುವುದು ಲೇಸು.

ತೆಗೆದ ಎಣ್ಣೆಯನ್ನು ಗಟಾರಿಗೆ ಚೆಲ್ಲಬಾರದು; ಗಟಾರು ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆ ಎಣ್ಣೆಯನ್ನು ಶುದ್ಧಗೊಳಿಸುವವರಿಗೆ ಕೊಡಬೇಕು.

ನಮ್ಮ ಗ್ಯಾರೇಜುಗಳಲ್ಲಿ ಕೈಗೆ ಗೊತ್ತಿರುವ ವಿದ್ಯೆ ಬಹಳಷ್ಟಿದೆ. ಅದರ ಕಾರಣ ಹೇಳುವ ಪುಸ್ತಕಗಳು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಅವನ್ನು ಕನ್ನಡಕ್ಕೆ ಇಳಿಸುವ ಕೆಲಸಕ್ಕೆ ಇಂಜಿನಿಯರರೇ ಬೇಕೆಂದಿಲ್ಲ. ಎರಡು ಭಾಷೆಗಳನ್ನೂ ಓದಬಲ್ಲ, ಮೇಸ್ತ್ರಿಯ ಪಕ್ಕದಲ್ಲಿ ಕುಳಿತು ಕೇಳುವ ತಾಳ್ಮೆಯುಳ್ಳ ನಮ್ಮಂಥ ವಿದ್ಯಾರ್ಥಿಗಳೂ ಅದನ್ನು ಮಾಡಬಹುದು.