ಆರು ಶತಮಾನ ಬಾಳಿದ ಮರದ ಉಗ್ರಾಣ

ಹಳೆಯ ಮರದ ಉಗ್ರಾಣವನ್ನು ಕೆಡವಿ ತಗಡಿನ ಷೆಡ್ಡು ಹಾಕಿಸುವ ಯೋಚನೆ ನಮ್ಮ ಸದಸ್ಯರಲ್ಲಿ ಹಲವರಿಗಿದೆ. ಅದಕ್ಕೆ ಮುನ್ನ, ಮರದ ಕಟ್ಟಡ ಏಕೆ ಬಾಳುತ್ತದೆ, ಹೇಗೆ ಹಾಳಾಗುತ್ತದೆ ಎಂಬುದನ್ನು ಒಂದು ನಿದರ್ಶನದಿಂದ ತಿಳಿಯೋಣ.

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಸಮೀಪ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಿದೆ. ಅಲ್ಲಿ ವಿಂಚೆಸ್ಟರ್ ಕಾಲೇಜು ತನ್ನ ಜಮೀನಿನ ಧಾನ್ಯ ತುಂಬಲು 1426-27ರಲ್ಲಿ ಕಟ್ಟಿಸಿದ ಓಕ್ ಮರದ ಉಗ್ರಾಣ ಇಂದಿಗೂ ನಿಂತಿದೆ. ಉದ್ದ 192 ಅಡಿ, ಅಗಲ 37 ಅಡಿ, ಎತ್ತರ 39 ಅಡಿ. ಒಟ್ಟು 12 ಅಂಕಣ. ಧಾನ್ಯ ಬಡಿಯಲು ಒಳಗೇ ಮೂರು ಕಣಗಳಿದ್ದವು. ಮರಮುಟ್ಟಿನ ಬಹುಪಾಲು ಮೊದಲಿನದೇ.

ಇದರ ರಚನೆಯಲ್ಲಿ ಗಮನಿಸಬೇಕಾದ ಅಂಶಗಳು ಮೂರು.

1. ಕಂಬಗಳು ಮಣ್ಣಿನಲ್ಲಿ ಹೂತಿಲ್ಲ, ಅಡಿಗಲ್ಲಿನ ಮೇಲೆ ನಿಂತಿವೆ. ನೆಲದ ತೇವ ಮರಕ್ಕೆ ಏರದು.

2. ಭಾರವನ್ನು ಹೊರುವುದು ಗೋಡೆಯಲ್ಲ. ಒಳಗಿನ ಎರಡು ಸಾಲು ಕಂಬಗಳೂ ಅವುಗಳ ಮೇಲಿನ ತೊಲೆಗಳೂ ಮಾಡನ್ನು ಹೊತ್ತಿವೆ. ಕಂಬಕ್ಕೂ ತೊಲೆಗೂ ನಡುವೆ ಕೊಟ್ಟ ಓರೆ ಆಸರೆಗಳು ಗಾಳಿಗೆ ಚೌಕಟ್ಟು ವಾಲದಂತೆ ತಡೆಯುತ್ತವೆ. ಹೊರಗೋಡೆ ಬರಿಯ ಹಲಗೆಯ ಮರೆ.

3. ಚೌಕಟ್ಟಿನ ಸಂದುಗಳಲ್ಲಿ ಒಂದು ಮರದ ನಾಲಿಗೆ ಇನ್ನೊಂದರ ತೂತಿನೊಳಗೆ ಕೂತು, ಅಡ್ಡಲಾಗಿ ಮರದ ಗೂಟ ಬಿದ್ದಿದೆ. ಒಂದು ತುಂಡು ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಇಷ್ಟು ಗಟ್ಟಿಯಾದ ಕಟ್ಟಡವೂ ಅಪಾಯಕ್ಕೆ ಸಿಕ್ಕಿತು. ಮರ ಸೋತದ್ದರಿಂದಲ್ಲ, ನೋಡಿಕೊಳ್ಳುವವರಿಲ್ಲದೆ. 2006ರಲ್ಲಿ ಇದು ಒಂದೇ ಪೌಂಡಿಗೆ ಕೈ ಬದಲಾಯಿತು. ದುರಸ್ತಿ ನಡೆಯಲಿಲ್ಲ. ಕೊನೆಗೆ 2011ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 20,000 ಪೌಂಡಿಗೆ ಕೊಂಡು, ಮಾಡನ್ನೂ ಮರಗೆಲಸವನ್ನೂ ಸರಿಪಡಿಸಿತು.

ಓಕ್ ನಮ್ಮ ಮರವಲ್ಲ. ಅಲ್ಲಿಯ ಮಳೆ ನಮ್ಮ ಮಳೆಯೂ ಅಲ್ಲ. ನಮ್ಮಲ್ಲಿ ಗೆದ್ದಲಿನ ಕಾಟ ಬೇರೆ. ಆದರೂ ಪಾಠ ಒಂದೇ: ಕಂಬದ ಬುಡಕ್ಕೂ ಮಾಡಿನ ತಲೆಗೂ ನೀರು ತಾಗದಿದ್ದರೆ ನಡುವಿನ ಮರ ತಾನಾಗಿ ಬಾಳುತ್ತದೆ. ಆದ್ದರಿಂದ ಸದಸ್ಯರು ಮುಂಗಾರಿಗೆ ಮುನ್ನ ಒಡೆದ ಹೆಂಚು ಬದಲಿಸಲಿ, ಕಂಬದ ಬುಡಕ್ಕೆ ಒತ್ತಿದ ಮಣ್ಣು, ತರಗು, ಅಡಿಕೆಸಿಪ್ಪೆ ತೆಗೆಸಲಿ, ಗೆದ್ದಲಿನ ಹಾದಿ ಕಂಡರೆ ಅಂದೇ ಕೆರೆಸಲಿ. ಕೆಡವುವ ಮಾತು ಬಂದಾಗ ಮೊದಲು ಒಬ್ಬ ಅನುಭವಿ ಬಡಗಿಯನ್ನು ಕರೆಸಿ ಕಂಬ ಕಂಬವನ್ನೂ ತಟ್ಟಿಸಿ ನೋಡಲಿ. ಎರಡು ಕಂಬ ಕೆಟ್ಟಿದ್ದಕ್ಕೆ ಇಡೀ ಉಗ್ರಾಣವನ್ನು ಕಳೆದುಕೊಳ್ಳಬೇಕಾಗಿಲ್ಲ.